ಒಂದು ವರ್ಷ ಏಳು ತಿಂಗಳಿನ ಮಗನಿಗೆ ವಾಂತಿ ಬೇದಿ, ಓಆರ್‌ಎಸ್ ಬಾಯಿಗೇ ಹಾಕುದಿಲ್ಲ, ಎಂತ ಮಾಡುದು?

ಪೆರ್ಲದ_ಅಮ್ಮ · ಶನಿವಾರ ರಾತ್ರಿ 9:40
ನಮಸ್ಕಾರ ಎಲ್ಲರಿಗೂ. ಮಗನಿಗೆ ಒಂದು ವರ್ಷ ಏಳು ತಿಂಗಳು, ಹೋದ ತಿಂಗಳು ಅಂಗನವಾಡಿಯಲ್ಲಿ ತೂಗಿದಾಗ 11 ಕಿಲೋ ಇದ್ದ. ಇವತ್ತು ಬೆಳಿಗ್ಗೆಯಿಂದ ಬೇದಿ, ಬರೀ ನೀರು ನೀರು, ನಾನು ಲೆಕ್ಕ ಇಟ್ಟದ್ದು ಏಳು ಸಲ, ಮಧ್ಯಾಹ್ನ ಕಳೆದ ಮೇಲೆ ಎರಡು ಸಲ ವಾಂತಿಯೂ ಆಯ್ತು. ಮೈ ಸ್ವಲ್ಪ ಬೆಚ್ಚಗೆ ಉಂಟು ಅಷ್ಟೆ. ಪೇಟೆಯಿಂದ ಓಆರ್‌ಎಸ್ ತರಿಸಿದ್ದೇನೆ, ಗ್ಲಾಸಿನಲ್ಲಿ ಕೊಟ್ರೆ ಒಂದು ಗುಟುಕು ಕುಡಿದು ಮುಖ ತಿರುಗಿಸ್ತಾನೆ, ಹಿಡಿದು ಕುಡಿಸಿದ್ದನ್ನು ಪೂರ್ತಿ ಕಾರಿದ. ಅತ್ತೆ ಹೇಳುದು ಹೊಟ್ಟೆ ಖಾಲಿ ಇರ್ಲಿ, ನೀರು ಕೊಟ್ಟಷ್ಟೂ ಬೇದಿ ಜಾಸ್ತಿ ಆಗ್ತದೆ ಅಂತ. ಹೊರಗೆ ಜೋರು ಮಳೆ, ಗಂಡ ಗಲ್ಫಿನಲ್ಲಿ, ನಾನು ಪುತ್ತೂರಿನ ಕಡೆಯವಳು, ಇಲ್ಲಿ ಕೇರಳದ ಕಡೆ ಫೋನ್ ಮಾಡಿ ಕೇಳುವ ಅಂದ್ರೆ ಮಲಯಾಳ ಸರಿಯಾಗಿ ಬರುದಿಲ್ಲ. ಎಂತ ಕೊಡುದು, ಎಷ್ಟು ಕೊಡುದು, ದಯವಿಟ್ಟು ಹೇಳಿ.

ಅಡೂರು_ತೋಟ · 9:46
ಬೊಂಡ ಕೊಡಿ ಅಕ್ಕ, ಎಳನೀರು. ನಮ್ಮಲ್ಲಿ ಮಕ್ಕಳಿಗೆ ಹೊಟ್ಟೆ ಕೆಟ್ರೆ ಬೊಂಡವೇ.

ಬದಿಯಡ್ಕ_ಸಿಸ್ಟರ್ · 9:52
ನಾನು ಇಪ್ಪತ್ತೆರಡು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮೊದಲು ಮೂರು ವಿಷಯ ಹೇಳಿ. ಒಂದು, ಕೊನೆ ಸಲ ಮೂತ್ರ ಮಾಡಿದ್ದು ಎಷ್ಟು ಗಂಟೆಗೆ. ಎರಡು, ಬೇದಿಯಲ್ಲಿ ರಕ್ತವೋ ಸಿಂಬಳದ ಹಾಗಿನದ್ದೋ ಉಂಟಾ, ವಾಂತಿ ಹಸಿರು ಬಣ್ಣವಾ. ಮೂರು, ಆ ಓಆರ್‌ಎಸ್ ಎಷ್ಟು ನೀರಿಗೆ ಎಷ್ಟು ಹುಡಿ ಹಾಕಿ ಮಾಡಿದ್ದೀರಿ. ಮಗು ಎದೆಹಾಲು ಕುಡೀತಾ ಇದ್ರೆ ಅದನ್ನು ನಿಲ್ಲಿಸ್ಬೇಡಿ, ಕೇಳಿದಾಗೆಲ್ಲ ಕೊಡಿ.

ಪೆರ್ಲದ_ಅಮ್ಮ · 9:58
ರಕ್ತ ಇಲ್ಲ, ವಾಂತಿ ಬಿಳಿ, ಕುಡಿದದ್ದೇ ಬಂದದ್ದು. ಎದೆಹಾಲು ರಾತ್ರಿ ಮಾತ್ರ ಕುಡಿಯುದು. ಮೂತ್ರ ಗೊತ್ತಾಗ್ತಾ ಇಲ್ಲ ಸಿಸ್ಟರ್, ಡಯಾಪರ್ ತೆಗೆದಾಗೆಲ್ಲ ಒದ್ದೆಯೇ, ಬೇದಿಯ ನೀರೋ ಮೂತ್ರವೋ ಹೇಗೆ ಹೇಳುದು. ಓಆರ್‌ಎಸ್ ದೊಡ್ಡ ಪ್ಯಾಕೆಟ್, ಅರ್ಧ ಹುಡಿ ಒಂದು ಗ್ಲಾಸಿಗೆ ಹಾಕಿದೆ, ಉಳಿದರ್ಧ ನಾಳೆಗೆ ಮಡಚಿ ಇಟ್ಟಿದ್ದೇನೆ.

ಬದಿಯಡ್ಕ_ಸಿಸ್ಟರ್ · 10:03
ಆ ಗ್ಲಾಸನ್ನು ಈಗಲೇ ಚೆಲ್ಲಿ, ಮಡಚಿ ಇಟ್ಟ ಹುಡಿಯನ್ನೂ ಬಿಸಾಡಿ. ಬೈತಾ ಇಲ್ಲ ನಾನು, ಹತ್ತರಲ್ಲಿ ನಾಲ್ಕು ಅಮ್ಮಂದಿರು ವಾರ್ಡಿಗೆ ಬಂದು ಇದನ್ನೇ ಹೇಳ್ತಿದ್ರು. ದೊಡ್ಡ ಪ್ಯಾಕೆಟ್ 20.5 ಗ್ರಾಂ ಇರ್ತದೆ, ಅದು ಪೂರ್ತಿ 1 ಲೀಟರ್ ನೀರಿಗೆ. ಅರ್ಧ ಹುಡಿ ಅಂದ್ರೆ 500 ಎಂಎಲ್‌ಗೆ ಹೋಗ್ಬೇಕಾದ್ದು, ನೀವು 200 ಎಂಎಲ್ ಗ್ಲಾಸಿಗೆ ಹಾಕಿದ್ದೀರಿ, ಎರಡೂವರೆ ಪಾಲು ಗಟ್ಟಿ ಆಯ್ತು. ಮಗು ಮುಖ ತಿರುಗಿಸಿದ್ದು ಹಟದಿಂದ ಅಲ್ಲ, ಅದು ಅಷ್ಟು ಉಪ್ಪು ಇತ್ತು. ಗಟ್ಟಿ ಓಆರ್‌ಎಸ್ ಒಳಗೆ ಹೋದ್ರೆ ರಕ್ತದಲ್ಲಿ ಉಪ್ಪು ಏರ್ತದೆ, ಬಾಯಾರಿಕೆ ಇನ್ನೂ ಹೆಚ್ಚಾಗ್ತದೆ, ಸಣ್ಣ ಮಗುವಿಗೆ ಫಿಟ್ಸ್ ಬರುವಷ್ಟು ಅಪಾಯ. ವಾಂತಿ ಮಾಡಿದ್ದು ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು.

ಈಗ ಮಾಡುದು ಹೀಗೆ. ಕುದಿಸಿ ತಣಿದ ನೀರು, ಒಂದು ಲೀಟರಿನ ಬಾಟ್ಲಿಯಲ್ಲಿ ಅಳೆದು ಪಾತ್ರೆಗೆ ಹಾಕಿ, ಹೊಸ ಪ್ಯಾಕೆಟ್ ಪೂರ್ತಿ ಸುರಿದು ಕಲಸಿ. ಬೇರೆ ಎಂತದೂ ಸೇರಿಸ್ಲಿಕ್ಕಿಲ್ಲ, ಸಕ್ಕರೆಯೂ ಬೇಡ ಹಾಲೂ ಬೇಡ. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪು ಇರ್ಬಾರ್ದು. ಗ್ಲಾಸ್ ಬೇಡವೇ ಬೇಡ, ಚಮಚ ತೆಗೊಳ್ಳಿ. ಒಂದೊಂದು ನಿಮಿಷಕ್ಕೆ, ಇಲ್ಲದಿದ್ರೆ ಎರಡು ನಿಮಿಷಕ್ಕೆ ಒಂದು ಟೀ ಚಮಚ. ಗಡಿಯಾರ ನೋಡಿ ಕೊಡಿ. ಅವನು ಬಾಯಿ ತೆರೆದು ಇನ್ನೂ ಬೇಕು ಅಂದ್ರೂ ಒಟ್ಟಿಗೆ ಕೊಡ್ಬೇಡಿ. ವಾಂತಿ ಮಾಡಿದ್ರೆ ಹತ್ತು ನಿಮಿಷ ಸುಮ್ಮನೆ ಕೂತು ಮತ್ತೆ ಶುರು, ಈ ಸಲ ಇನ್ನೂ ನಿಧಾನ.

ಡಯಾಪರ್ ತೆಗೀರಿ. ಹಳೇ ಬಿಳಿ ಪಂಚೆಯ ತುಂಡು ಮಡಚಿ ಹಾಕಿ, ಮುಂದಿನ ಕಡೆ ಬೇರೆ ಒಂದು ತುಂಡು ಇಡಿ. ಮೂತ್ರ ಮಾಡಿದ್ರೆ ಮುಂದಿನ ತುಂಡು ಒದ್ದೆ ಆಗ್ತದೆ, ವಾಸನೆಯಲ್ಲೂ ಗೊತ್ತಾಗ್ತದೆ. ಇವತ್ತು ರಾತ್ರಿ ಎಲ್ಲಕ್ಕಿಂತ ಮುಖ್ಯ ಅದೇ.

ಕುಂಬಳೆ_ಫಾರ್ಮಸಿ · 10:10
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಅತ್ತೆಯವರಿಗೆ ಹೇಳ್ಲಿಕ್ಕೆ ಆಗುವ ಹಾಗೆ ನಾನು ಸ್ವಲ್ಪ ಬಿಡಿಸಿ ಹೇಳ್ತೇನೆ, ನನ್ನ ಅಂಗಡಿಯಲ್ಲೂ ದಿನಾ ಬರುವ ಪ್ರಶ್ನೆ ಇದು. ಬರೀ ನೀರು ಕೊಟ್ರೆ ಬೇದಿಯ ಜೊತೆ ಹೊರಗೆ ಹೋಗ್ತದೆ ಅನ್ನುದರಲ್ಲಿ ಸ್ವಲ್ಪ ಸತ್ಯ ಉಂಟು, ಅದಕ್ಕೇ ಹಳಬರು ಹಾಗೆ ಹೇಳಿದ್ದು. ಆದ್ರೆ ಕರುಳಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಉಂಟು, ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಒಟ್ಟಿಗೆ ಬಂದ್ರೆ ಮಾತ್ರ ಅದು ತೆರೀತದೆ, ಅವು ಒಳಗೆ ಹೋದ ಹಾಗೆ ನೀರೂ ಹಿಂದೆಯೇ ಹೋಗ್ತದೆ. ಬೇದಿ ಎಷ್ಟೇ ಜೋರಿದ್ರೂ ಆ ಬಾಗಿಲು ಹೆಚ್ಚಾಗಿ ಕೆಲಸ ಮಾಡ್ತಾ ಇರ್ತದೆ. ಹಾಗಾಗಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಅಂತ ಲೆಕ್ಕ ಹಾಕಿಯೇ ಇಟ್ಟದ್ದು, ಅದರ ಜೊತೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಸಕ್ಕರೆ ಜಾಸ್ತಿ ಆದ್ರೆ ಉಲ್ಟಾ ನಡೀತದೆ, ಕರುಳು ಮೈಯಿಂದಲೇ ನೀರು ಎಳ್ದು ಹೊರಗೆ ಹಾಕ್ತದೆ.

ಇನ್ನೊಂದು, ಚಿಕ್ಕ ಪ್ಯಾಕೆಟ್ ಕೂಡ ಸಿಗ್ತದೆ, 200 ಎಂಎಲ್ ನೀರಿಗೆ ಒಂದು. ಮನೆಯಲ್ಲಿ ಒಂದೇ ಮಗು ಇದ್ರೆ ಅದೇ ಸುಲಭ. ಎರಡೂ ಜಾತಿ ಒಂದೇ ಡಬ್ಬದಲ್ಲಿ ಇಡ್ಬೇಡಿ, ಅರ್ಧ ರಾತ್ರಿಯಲ್ಲಿ ಅದಲು ಬದಲು ಆಗ್ತದೆ.

ಮಂಜೇಶ್ವರದ_ಅಪ್ಪ · 10:21
ಬೇದಿ ನಿಲ್ಲುವ ಮಾತ್ರೆ ಉಂಟಲ್ಲ, ನಾವೆಲ್ಲ ಬಸ್ಸಿನಲ್ಲಿ ಹೋಗುವಾಗ ತೆಗೊಳ್ಳುದು, ಅದನ್ನು ಕಾಲು ಭಾಗ ಮಾಡಿ ಕೊಟ್ರೆ ಆಗುದಿಲ್ವಾ?

ಕುಂಬಳೆ_ಫಾರ್ಮಸಿ · 10:23
ಇಲ್ಲ. ಸಣ್ಣ ಮಕ್ಕಳಿಗೆ ಅದು ಬೇಡವೇ ಬೇಡ. ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬರಿಸ್ತದೆ, ಮಗು ಮಂಪರಾಗ್ತದೆ. ಹೋದ ಸಲದ ಆಂಟಿಬಯೋಟಿಕ್ ಬಾಟ್ಲಿ ಉಳಿದಿದ್ರೆ ಅದನ್ನೂ ಮುಟ್ಟಬೇಡಿ, ಇಂಥ ನೀರು ಬೇದಿ ಹೆಚ್ಚಾಗಿ ವೈರಸ್‌ನಿಂದ, ಅದಕ್ಕೆ ಆ ಮದ್ದು ತಾಗುದೇ ಇಲ್ಲ.

ಪೆರ್ಲದ_ಅಮ್ಮ · 10:55
ಬದಿಯ ಮನೆಯವರ ಹತ್ರ ಇನ್ನೊಂದು ಪ್ಯಾಕೆಟ್ ಇತ್ತು, ಆಶಾ ಕಾರ್ಯಕರ್ತೆ ಕೊಟ್ಟದ್ದಂತೆ. ಲೀಟರ್ ಅಳೆದು ಮಾಡಿದೆ, ಚಮಚದಲ್ಲಿ ಕುಡೀತಾ ಇದ್ದಾನೆ!! ಅರ್ಧ ಗಂಟೆಯಲ್ಲಿ ಹದಿನಾರು ಚಮಚ ಹೋಯ್ತು, ಆಮೇಲೆ ಪುನಃ ವಾಂತಿ. ಆದ್ರೆ ಸಿಸ್ಟರ್, ಮುಂದಿನ ತುಂಡು ಒಣಗಿಯೇ ಉಂಟು. ನೆನಪು ಮಾಡಿ ನೋಡಿದ್ರೆ ಮಧ್ಯಾಹ್ನ ಎರಡೂವರೆಗೆ ಸ್ನಾನ ಮಾಡಿಸುವಾಗ ಮಾಡಿದ್ದನ್ನು ಕಣ್ಣಲ್ಲಿ ಕಂಡದ್ದು, ಆಮೇಲಿನದ್ದು ಹೇಳ್ಲಿಕ್ಕೆ ಆಗುದಿಲ್ಲ. ಅಳುವಾಗ ಕಣ್ಣೀರು ಕಮ್ಮಿ ಅಂತ ಕಾಣ್ತದೆ. ಮೊದಲು ಕಿರಿಕಿರಿ ಮಾಡ್ತಿದ್ದ, ಈಗ ತೋಳಿನ ಮೇಲೆ ಸುಮ್ಮನೆ ಮಲಗಿದ್ದಾನೆ.

ಬದಿಯಡ್ಕ_ಸಿಸ್ಟರ್ · 10:57
ಹೊರಡಿ. ಈಗಲೇ. ಎಂಟು ಗಂಟೆ ಆಯ್ತು ಮೂತ್ರ ಇಲ್ಲದೆ, ಕಣ್ಣೀರು ಕಮ್ಮಿ, ಸುಮ್ಮನೆ ಆಗಿದ್ದಾನೆ, ಇದು ಮನೆಯಲ್ಲಿ ಕೂತು ಫೋನ್ ನೋಡುವ ಹೊತ್ತಲ್ಲ. ಗಂಡನ ಅಣ್ಣನೋ ಬದಿಯ ಮನೆಯವರೋ ಯಾರಿದ್ದಾರೆ ಕರೀರಿ, ಆಟೋ ಆಗ್ಲಿ ಜೀಪ್ ಆಗ್ಲಿ. ಆ ಲೀಟರ್ ಓಆರ್‌ಎಸ್ ಬಾಟ್ಲಿಗೆ ತುಂಬಿಸಿ ತೆಗೊಂಡು ಹೋಗಿ, ದಾರಿಯುದ್ದಕ್ಕೂ ಚಮಚ ನಿಲ್ಲಿಸ್ಬೇಡಿ. ಅಲ್ಲಿ ಡಾಕ್ಟ್ರು ವಯರಿಳಕ್ಕಂ ಅಂದ್ರೆ ಬೇದಿ, ಛರ್ದಿ ಅಂದ್ರೆ ವಾಂತಿ. ಮೂತ್ರಂ ಅಂದ್ರೆ ಗೊತ್ತಾಗ್ತದೆ ನಿಮಗೆ. ಏಳು ಬೇದಿ, ಮೂರು ವಾಂತಿ, ಎರಡೂವರೆಯ ನಂತ್ರ ಮೂತ್ರ ಇಲ್ಲ, ಮೊದಲು ಗಟ್ಟಿ ಓಆರ್‌ಎಸ್ ಸ್ವಲ್ಪ ಕುಡಿಸಿದ್ದು, ಹೋದ ತಿಂಗಳ ತೂಕ 11 ಕಿಲೋ, ಇಷ್ಟನ್ನು ಕಾಗದದಲ್ಲಿ ಬರ್ಕೊಳ್ಳಿ. ಗಟ್ಟಿ ಓಆರ್‌ಎಸ್ ವಿಷಯ ನಾಚಿಕೆ ಅಂತ ಮುಚ್ಚಿಡ್ಬೇಡಿ.

ಪೆರ್ಲದ_ಅಮ್ಮ · 11:01
ಬದಿಯ ಮನೆಯ ಅಣ್ಣ ಬಂದ್ರು. ಹೋಗ್ತಾ ಇದ್ದೇವೆ.

ನೀರ್ಚಾಲಿನ_ಅಜ್ಜಿ · 11:20
ದೇವರೇ, ಮಗು ಬೇಗ ಹುಷಾರಾಗ್ಲಿ. ನಾನು ಮಲಗುದಿಲ್ಲ, ಹೋಗಿ ಮುಟ್ಟಿದ್ದಕ್ಕೆ ಒಂದು ಮಾತು ಹಾಕು ಮಗಾ.

ಮುಳ್ಳೇರಿಯದ_ಮೇಷ್ಟ್ರು · 11:34
ಇನ್ನು ಯಾರಿಗಾದ್ರೂ ಹೀಗೆ ರಾತ್ರಿ ಸಂಶಯ ಬಂದ್ರೆ ಕೇರಳದಲ್ಲಿ ದಿಶಾ ಸಹಾಯವಾಣಿ ಉಂಟು, 1056, ದಿನದ ಇಪ್ಪತ್ನಾಲ್ಕು ಗಂಟೆಯೂ. ಗಡಿಯ ಈಚೆ ಇರುವ ನಾವು ಏನಾದ್ರೂ ಆದ ಕೂಡ್ಲೇ ಮಂಗಳೂರು ಅಂತ ಓಡ್ತೇವೆ, ತಲಪಾಡಿ ದಾಟುವಷ್ಟರಲ್ಲಿ ಒಂದು ಗಂಟೆ ಹೋಗಿರ್ತದೆ. ಇಂಥದ್ದಕ್ಕೆ ಹತ್ತಿರದ ಕ್ಯಾಶುವಾಲಿಟಿಯೇ ಸರಿ, ಬೇಕಾದ್ದು ದೊಡ್ಡ ಮಿಷನ್ ಅಲ್ಲ.

ಪೆರ್ಲದ_ಅಮ್ಮ · ಭಾನುವಾರ ಬೆಳಿಗ್ಗೆ 7:15
ಮನೆಗೆ ಬಂದೆವು. ಎಲ್ಲರಿಗೂ ಕೈ ಮುಗಿದೆ. ರಾತ್ರಿ ಅಲ್ಲಿ ತೂಗಿದ್ರು, 10.4 ಕಿಲೋ, ಒಂದು ದಿನದಲ್ಲಿ ಹತ್ರ ಹತ್ರ 600 ಗ್ರಾಂ ಇಳ್ದಿದ್ದಾನೆ, ಅದೆಲ್ಲ ನೀರೇ ಅಂತ ಹೇಳಿದ್ರು. ಹೊಟ್ಟೆಯ ಚರ್ಮ ಎರಡು ಬೆರಳಿನಲ್ಲಿ ಹಿಡಿದು ಬಿಟ್ರು, ನಿಧಾನಕ್ಕೆ ಕೆಳಗೆ ಹೋಯ್ತು, ಆರೋಗ್ಯ ಸರಿ ಇರುವ ಮಗುವಿನದ್ದು ಬಿಟ್ಟ ಕೂಡ್ಲೇ ಹೋಗ್ತದಂತೆ. ರಕ್ತ ತೆಗೆದು ಉಪ್ಪಿನ ಅಂಶ ನೋಡಿದ್ರು, ಸರಿ ಇತ್ತು. ನಾನು ಡ್ರಿಪ್ ಹಾಕ್ತಾರೆ ಅಂತ ಹೆದರಿದ್ದೆ, ಹಾಕ್ಲಿಲ್ಲ. ವಾಂತಿಗೆ ಒಂದು ಮದ್ದು ತೂಕ ನೋಡಿ ಕೊಟ್ಟು, ಕಿಲೋಗೆ 75 ಎಂಎಲ್ ಲೆಕ್ಕದಲ್ಲಿ 780 ಎಂಎಲ್ ಓಆರ್‌ಎಸ್ ನಾಲ್ಕು ಗಂಟೆಯೊಳಗೆ ಕುಡಿಸ್ಬೇಕು ಅಂತ ಹೇಳಿ ಒಂದು ಮೂಲೆಯಲ್ಲಿ ಕೂರಿಸಿದ್ರು. ಐದು ನಿಮಿಷಕ್ಕೆ ಮೂರು ಚಮಚ, ಸ್ವಲ್ಪ ಜಾಸ್ತಿ. ಹನ್ನೆರಡಕ್ಕೆ ಶುರು ಮಾಡಿದ್ದು, ಕೈ ನೋವಾದ್ರೆ ಬದಿಯ ಮನೆಯ ಅಣ್ಣ ಕೊಡ್ತಿದ್ರು. ಎರಡು ಮುಕ್ಕಾಲಿಗೆ ನನ್ನ ಮಡಿಲೆಲ್ಲ ಒದ್ದೆ, ಮೂತ್ರ! ಆಸ್ಪತ್ರೆಯ ಸಿಸ್ಟರ್ ಮಲಯಾಳದಲ್ಲಿ ಎಂತದೋ ಹೇಳಿ ನಕ್ರು, ನನಗೆ ಅಳು ಬಂತು. ನಾಲ್ಕು ಗಂಟೆಗೆ ಕಣ್ಣು ಬಿಟ್ಟು ಅವರ ಕುತ್ತಿಗೆಯ ಸ್ಟೆತ್ ಎಳೀಲಿಕ್ಕೆ ಕೈ ಚಾಚಿದ.

ಈಗ ಮಲಗಿದ್ದಾನೆ. ಜಿಂಕ್ ಮಾತ್ರೆ ಕೊಟ್ಟಿದ್ದಾರೆ, ದಿನಕ್ಕೆ 20 ಮಿಲಿಗ್ರಾಂ, 14 ದಿನ.

ನೀರ್ಚಾಲಿನ_ಅಜ್ಜಿ · 7:18
ಅಬ್ಬ. ಈಗ ನಾನು ಚಾ ಕುಡೀತೇನೆ.

ಸೀತಾಂಗೋಳಿ_ಮನೆ · 7:40
ಆ ವಾಂತಿ ಮದ್ದಿನ ಹೆಸರು ಹಾಕಿ ಅಕ್ಕ, ಮನೆಯಲ್ಲಿ ತಂದಿಡುವ.

ಬದಿಯಡ್ಕ_ಸಿಸ್ಟರ್ · 8:05
ಹೆಸರು ಹಾಕ್ಬೇಡಿ ದಯವಿಟ್ಟು. ವಾಂತಿ ಬೇರೆ ಕಾರಣಕ್ಕೂ ಬರ್ತದೆ, ಕರುಳು ಸಿಕ್ಕಿಬಿದ್ದದ್ದಕ್ಕೂ ಬರ್ತದೆ, ಅದನ್ನು ಮುಟ್ಟಿ ನೋಡಿದವರು ಕೊಡ್ಬೇಕು. ಮನೆಯಲ್ಲಿ ತಂದಿಡ್ಬೇಕಾದ್ದು ಓಆರ್‌ಎಸ್ ನಾಲ್ಕು ಪ್ಯಾಕೆಟ್ ಮತ್ತು ಜಿಂಕ್.

ಪೆರ್ಲದ ಅಮ್ಮಾ, ನೀವು ರಾತ್ರಿಯಿಡೀ ಮಾಡಿದ್ದೇ ಚಿಕಿತ್ಸೆ, ಅದು ನೆನಪಿರ್ಲಿ. ಇನ್ನು ಪ್ರತಿ ಬೇದಿಗೂ 50ರಿಂದ 100 ಎಂಎಲ್, ಅರ್ಧದಿಂದ ಒಂದು ಚಾ ಗ್ಲಾಸ್ ಅಂತ ಇಟ್ಕೊಳ್ಳಿ. ಎರಡು ವರ್ಷ ದಾಟಿದ ಮಕ್ಕಳಿಗೆ 100ರಿಂದ 200. ಕಲಸಿದ ಓಆರ್‌ಎಸ್ 24 ಗಂಟೆ ಕಳೆದ್ರೆ ಚೆಲ್ಲಿ ಹೊಸದು ಮಾಡಿ. ಬೇದಿ ಇನ್ನೂ ಎರಡು ಮೂರು ದಿನ, ಕೆಲವರಿಗೆ ಒಂದು ವಾರ ಇರ್ಬಹುದು, ಅದಕ್ಕೆ ಹೆದರ್ಬೇಡಿ, ಓಆರ್‌ಎಸ್ ಬೇದಿ ನಿಲ್ಲಿಸುವ ಮದ್ದಲ್ಲ, ಹೋದ ನೀರನ್ನು ತುಂಬಿಸುದು. ಎಷ್ಟೋ ಮನೆಗಳಲ್ಲಿ ಎರಡು ಗ್ಲಾಸ್ ಕೊಟ್ಟು ಬೇದಿ ನಿಲ್ಲಲಿಲ್ಲ ಅಂತ ಬಿಟ್ಟುಬಿಡ್ತಾರೆ. ಜಿಂಕ್ ಮಾತ್ರ ಬೇದಿ ನಿಂತ ಮೇಲೂ 14 ದಿನ ಪೂರ್ತಿ ಮಾಡಿ, ಮಾತ್ರೆಯನ್ನು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ ಕೊಡಿ.

ಅಡೂರು_ತೋಟ · 8:30
ಹಾಗಾದ್ರೆ ಬೊಂಡ ಕೊಡ್ಬಾರ್ದಾ? ನಾವು ಇಷ್ಟು ವರ್ಷ ಕೊಟ್ಟದ್ದು ತಪ್ಪಾ?

ಕುಂಬಳೆ_ಫಾರ್ಮಸಿ · 8:44
ತಪ್ಪಲ್ಲ, ಅದರ ಜಾಗ ಬೇರೆ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಆದ್ರೆ ಸೋಡಿಯಂ ಓಆರ್‌ಎಸ್‌ನಷ್ಟು ಇಲ್ಲ. ಬೇದಿಯಲ್ಲಿ ಹೋಗುದು ಎರಡೂ. ಮಗು ಆಟ ಆಡ್ತಾ ಇದೆ, ಎರಡು ಮೂರು ಸಲ ಸಡಿಲ ಹೋಗಿದೆ ಅಂದ್ರೆ ಬೊಂಡ, ಗಂಜಿ ತಿಳಿ, ಮಜ್ಜಿಗೆ ಎಲ್ಲ ಒಳ್ಳೇದು. ನಿನ್ನೆ ಅವರ ಮಗನ ಹಾಗೆ ಏಳು ಸಲ ನೀರು ನೀರು ಹೋದ್ರೆ ಬೊಂಡ ಓಆರ್‌ಎಸ್‌ನ ಬದಲಿಗೆ ಆಗುದಿಲ್ಲ, ಜೊತೆಗೆ ಆಗ್ತದೆ.

ಕೋಲಾ, ಸೋಡಾ, ಡಬ್ಬಿ ಜ್ಯೂಸ್ ಮಾತ್ರ ಬೇಡ. ಕೋಲಾದಂಥದ್ದರಲ್ಲಿ ಲೀಟರಿಗೆ 100 ಗ್ರಾಂ ಹತ್ರ ಸಕ್ಕರೆ, ಗ್ಯಾಸ್ ಹೋದ ಮೇಲೆ ಕೊಟ್ರೂ ಸಕ್ಕರೆ ಹೋಗುದಿಲ್ಲ. ದೊಡ್ಡವರು ಬಿಸಿಲಿಗೆ ಕುಡಿಯುವ ಗ್ಲೂಕೋಸ್ ಹುಡಿಯೂ ಹಾಗೆಯೇ, ಉಪ್ಪಿನ ಪಾಲು ಇಲ್ಲದ ಸಿಹಿ. ಮತ್ತೆ ಹಣ್ಣಿನ ಚಿತ್ರ ಇರುವ ಸಣ್ಣ ರಟ್ಟಿನ ಪೆಟ್ಟಿಗೆಯ ಪಾನೀಯ, ಮೇಲೆ ಓಆರ್‌ಎಸ್ ಅಂತ ದೊಡ್ಡದಾಗಿ ಬರೆದು ಮಾರ್ತಿದ್ರಲ್ಲ, ಅದರಲ್ಲೂ ಸಕ್ಕರೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಹೈದರಾಬಾದಿನ ಮಕ್ಕಳ ಡಾಕ್ಟ್ರು ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದ್ರು, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದವೇ ಇರ್ಬಾರ್ದು ಅಂತ ಆದೇಶ ಮಾಡಿತು. ನನಗೆ ಆ ದಿನ ನಿಜವಾಗಿ ಸಮಾಧಾನ ಆಯ್ತು, ಯಾಕಂದ್ರೆ ಗಿರಾಕಿ ಓಆರ್‌ಎಸ್ ಕೊಡಿ ಅಂದಾಗ ಎಷ್ಟು ಅಂಗಡಿಗಳಲ್ಲಿ ಅದನ್ನೇ ಕೈಗೆ ಕೊಡ್ತಿದ್ರು ಅಂತ ನಾನು ಕಂಡಿದ್ದೇನೆ. ಪ್ಯಾಕೆಟಿನಲ್ಲಿ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಅಂತ ಇರುವ ಹುಡಿ ಕೇಳಿ ತೆಗೊಳ್ಳಿ.

ನೀರ್ಚಾಲಿನ_ಅಜ್ಜಿ · 9:10
ಗಂಜಿ ತಿಳಿ ಅಂದಾಗ ಹೇಳ್ಬೇಕು ಅಂತ ಕಂಡಿತು. ಕುಚ್ಚಲಕ್ಕಿ ಚೆನ್ನಾಗಿ ಬೇಯಿಸಿ, ತಿಳಿಯ ಜೊತೆ ಸ್ವಲ್ಪ ಅಗುಳು ಹಿಚುಕಿ, ಒಂದು ಚಿಟಿಕೆ ಉಪ್ಪು ಹಾಕಿ ಕೊಡುದು ನಮ್ಮ ಕ್ರಮ. ನನ್ನ ಅಮ್ಮ ಪೇರಳೆ ಚಿಗುರಿನ ತಂಬುಳಿ ಮಾಡಿ ಅದರ ಮೇಲಿನ ಮಜ್ಜಿಗೆ ನೀರು ಕೊಡ್ತಿದ್ರು. ಈಗಿನವರು ಊಟವೇ ಕೊಡುದಿಲ್ಲ ಎರಡು ದಿನ, ಮಗು ಬಳಲಿ ಹೋಗ್ತದೆ.

ಬದಿಯಡ್ಕ_ಸಿಸ್ಟರ್ · 9:25
ಅಜ್ಜಿ ಹೇಳಿದ ಉಪ್ಪು ಹಾಕಿದ ಗಂಜಿ ತಿಳಿಯೂ ಉಪ್ಪು ಹಾಕಿದ ಮಜ್ಜಿಗೆಯೂ ವಿಶ್ವ ಆರೋಗ್ಯ ಸಂಸ್ಥೆಯವರೇ ಒಪ್ಪಿದ್ದು. ಹಸಿವು ಬಂದ ಕೂಡ್ಲೇ ಊಟ ಕೊಡ್ಬೇಕು, ಗಂಜಿ, ನೇಂದ್ರ ಹುಡಿಯ ಮಣ್ಣಿ, ಬಾಳೆಹಣ್ಣು, ಮೊಸರನ್ನ, ಎಂತ ತಿಂತಾನೋ ಅದು. ಹುಷಾರಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ, ಹೋದ ತೂಕ ಬರ್ಲಿ. ಚಿಗುರಿನ ತಂಬುಳಿ ಇಷ್ಟು ಸಣ್ಣ ಮಗುವಿಗೆ ಬೇಡ ಅಜ್ಜಿ, ದೊಡ್ಡವರಿಗೆ ಸಾಕು. ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿ ಮಲಬದ್ಧತೆ ಮಾಡಿ ಹೊಟ್ಟೆ ಉಬ್ಬಿಸಿ ತಂದವರನ್ನು ಕಂಡು ಹೇಳ್ತಾ ಇದ್ದೇನೆ.

ಮುಳ್ಳೇರಿಯದ_ಮೇಷ್ಟ್ರು · 10:02
ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಒಂದು ವಿಷಯ ಇಲ್ಲಿ ಹಾಕ್ತೇನೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬೊನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ಡ್ರಿಪ್‌ನ ಬಾಟ್ಲಿ ಮುಗಿದು ಹೋಯ್ತು, ಜನ ನೆಲದ ಮೇಲೆ ಮಲಗಿದ್ರು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿ ನಲ್ಲಿ ಇರುವ ಡ್ರಮ್ಮಿಗೆ ತುಂಬಿಸಿ, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂತ ಹೇಳಿದ್ರು. ನೂರಕ್ಕೆ ಮೂವತ್ತರಷ್ಟು ಜನ ಸಾಯ್ತಿದ್ದ ಕಡೆ ಅದು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳೀತು. ಅವರು 2022ರಲ್ಲಿ ತೀರಿಕೊಂಡ್ರು, ಮರುವರ್ಷ ಪದ್ಮವಿಭೂಷಣ ಬಂತು. ನಿನ್ನೆ ರಾತ್ರಿ ಪೆರ್ಲದ ಅಮ್ಮನೂ ಬದಿಯ ಮನೆಯ ಅಣ್ಣನೂ ಮಾಡಿದ್ದು ಅದೇ ಕೆಲಸ, ಅದಕ್ಕೇ ಓದುವಾಗ ನೆನಪಾಯ್ತು.

ಮಂಜೇಶ್ವರದ_ಅಪ್ಪ · 10:30
ಮಗುವಿಗೆ ಇದು ಬಂದದ್ದು ಎಲ್ಲಿಂದ? ನಮ್ಮ ಬಾವಿಯ ನೀರೂ ಮಳೆಗೆ ಕೆಂಪಾಗಿದೆ.

ಪೆರ್ಲದ_ಅಮ್ಮ · 11:15
ನಮ್ಮದು ಸುರಂಗದ ನೀರು, ಗುಡ್ಡಕ್ಕೆ ಅಡ್ಡ ಕೊರೆದದ್ದು. ಗುಡ್ಡದಿಂದ ಪೈಪಿನಲ್ಲಿ ಬಂದು ತೊಟ್ಟಿಗೆ ಬೀಳ್ತದೆ, ಬೇಸಿಗೆಯಲ್ಲಿ ಅಮೃತದ ಹಾಗೆ. ಆದ್ರೆ ಈ ವಾರದ ಮಳೆಗೆ ಪೈಪಿನ ಜೋಡಣೆ ಬಿಟ್ಟು ಕೆಸರು ನೀರು ಸೇರಿತ್ತು. ಕುಡೀಲಿಕ್ಕೆ ಕುದಿಸ್ತೇವೆ, ಜೀರಿಗೆ ಹಾಕಿ. ಮಗನ ಲೋಟ ತೊಳೆಯುದು ಮಾತ್ರ ಹಾಗೆಯೇ ತೊಟ್ಟಿಯ ನೀರಿನಲ್ಲಿ, ಅದು ನನಗೆ ಇವತ್ತು ಹೊಳೆದದ್ದು.

ಬದಿಯಡ್ಕ_ಸಿಸ್ಟರ್ · 11:40
ಅದರಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅಂಗನವಾಡಿಯ ಬೇರೆ ಮಗುವಿನಿಂದಲೂ ಬರ್ಬಹುದು. ಎರಡೂ ಸರಿ ಮಾಡಿ. ತೊಟ್ಟಿಗೆ 1000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಹುಡಿ, ಕೆಸರು ಸೇರಿದ ನೀರಾದ್ರೆ ಮೊದಲ ಸಲ 5 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು ಮೇಲಿನ ತಿಳಿ ಮಾತ್ರ ಹಾಕಿ, ಒಂದು ಗಂಟೆ ಮುಟ್ಟಬೇಡಿ. ಆ ನೀರನ್ನೂ ಕುಡಿಯುವುದಕ್ಕೆ ಕುದಿಸಿಯೇ ಕುದಿಸಿ. ಬಟ್ಟೆ ಬದಲಾಯಿಸಿದ ಪ್ರತಿ ಸಲ ಸೋಪು ಹಾಕಿ ಕೈ ತೊಳೀರಿ, ಅತ್ತೆಯೂ. ಬೇದಿ ತರುವ ರೋಟಾ ವೈರಸ್‌ನ ಲಸಿಕೆ 6, 10, 14 ವಾರಕ್ಕೆ ಹಾಕಿಸಿದ್ದೀರಲ್ವಾ, ಕಾರ್ಡ್ ನೋಡಿ. ಹಾಕಿದ್ರೂ ಬೇದಿ ಬರ್ಬಹುದು, ಜೋರು ಆಗುದು ಕಮ್ಮಿ.

ಪೆರ್ಲದ_ಅಮ್ಮ · ಸೋಮವಾರ ಸಂಜೆ 5:20
ಇವತ್ತು ಬೇದಿ ಮೂರು ಸಲ, ವಾಂತಿ ಇಲ್ಲ, ಮೂತ್ರ ಬೆಳಿಗ್ಗೆಯಿಂದ ಐದು ಸಲ. ಗಂಜಿ ಎರಡು ಸಲ ತಿಂದ. ಅತ್ತೆಯೇ ಈಗ ಗಡಿಯಾರದ ಎದುರು ಕೂತು ಚಮಚ ಕೊಡ್ತಾ ಇದ್ದಾರೆ, ನನ್ನನ್ನು ಮಲಗು ಅಂತ ಕಳಿಸಿದ್ರು.

ಒಂದು ಯೋಚನೆ ಬಂತು. ಪ್ಯಾಕೆಟಿನಲ್ಲಿ ಬರೆದದ್ದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಅಂಗನವಾಡಿಯ ಗೋಡೆಯ ಪೋಸ್ಟರ್ ಮಲಯಾಳದಲ್ಲಿ. ನಮ್ಮ ಅಂಗನವಾಡಿಗೆ ಬರುವ ಹೆಚ್ಚಿನ ಅಮ್ಮಂದಿರು ಓದುದು ಕನ್ನಡ. ಒಂದು ಕಾಗದದಲ್ಲಿ ಬರೆದು ಅಂಟಿಸುವ ಅಂತ ಇದ್ದೇನೆ, ಟೀಚರ್ ಆಯ್ತು ಅಂದ್ರು. ಹೀಗೆ ಬರೆದಿದ್ದೇನೆ, ತಪ್ಪಿದ್ರೆ ಹೇಳಿ:

ದೊಡ್ಡ ಓಆರ್‌ಎಸ್ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೆ. ಚಿಕ್ಕ ಪ್ಯಾಕೆಟ್ 200 ಎಂಎಲ್ ನೀರಿಗೆ. ಅರ್ಧ ಮಾಡಬೇಡಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕುದಿಸಿ ತಣಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದಲ್ಲಿ ನಿಧಾನವಾಗಿ ಕುಡಿಸಿ. ಆರು ಗಂಟೆ ಮೂತ್ರ ಇಲ್ಲದಿದ್ದರೆ, ಕಣ್ಣು ಗುಳಿ ಬಿದ್ದರೆ, ಮಗು ಮಂಪರಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಬೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ.

ಕುಂಬಳೆ_ಫಾರ್ಮಸಿ · 5:41
ಚಂದ ಉಂಟು. ಒಂದು ತಿದ್ದುಪಡಿ, ಬರೀ ಚಮಚ ಅಂತ ಬರೆದ್ರೆ ಸಾಂಬಾರಿನ ಚಮಚದಲ್ಲಿ ರಾಶಿ ಹಾಕ್ತಾರೆ. ಟೀ ಚಮಚ ಅಂತ ಬರೀರಿ, ಮೇಲೆ ಬೆರಳಿನಿಂದ ಸವರಿ ಮಟ್ಟ ಮಾಡಿದ್ದು ಅಂತ ಹಾಕಿ. ಉಪ್ಪಿನ ವಿಷಯದಲ್ಲಿ ಅಂತೂ ಹಾಗೆಯೇ ಬರೀಬೇಕು.

ನೀರ್ಚಾಲಿನ_ಅಜ್ಜಿ · 5:50
ಮಂಪರು ಅಂದ್ರೆ ಕೆಲವರಿಗೆ ನಿದ್ದೆ ಅಂತ ಕಾಣ್ತದೆ ಮಗಾ. ಕರೆದ್ರೂ ಸರಿಯಾಗಿ ಕಣ್ಣು ಬಿಡದಿದ್ರೆ ಅಂತ ಹಾಕು.

ಪೆರ್ಲದ_ಅಮ್ಮ · 6:12
ಎರಡೂ ತಿದ್ದಿದೆ. ಅಕ್ಷರ ದೊಡ್ಡದಾಗಿ ಬರೀತಾ ಇದ್ದೇನೆ, ಅತ್ತೆ ಕನ್ನಡಕ ಇಲ್ಲದೆ ಓದಿದ್ರೆ ನಾಳೆ ಬೆಳಿಗ್ಗೆ ತೆಗೊಂಡು ಹೋಗ್ತೇನೆ.